ಕಾರವಾರದಿಂದ ಮಂಗಳೂರಿಗೆ: ರೈಲೋ, ಬಸ್ಸೋ, ಸ್ಕೂಟರೋ, ನಡಿಗೆಯೋ?

ಇಬ್ಬರೇ ಬ್ಯಾಗ್ ಹೊತ್ತು ಕರಾವಳಿ ಸುತ್ತಿ ಬಂದೆವು ಅಂದರೆ ಎಲ್ಲರೂ ಮೊದಲು ಕೇಳುವುದು "ಎಲ್ಲಿ ಉಳ್ಕೊಂಡ್ರಿ?" ಅಂತ. ಉಳಿಯುವುದು ದೊಡ್ಡ ವಿಷಯವೇ ಅಲ್ಲ. ವರ್ಷದ ಕೊನೆಯ ವಾರವೊಂದು ಬಿಟ್ಟರೆ ಎಲ್ಲಾದರೂ ರೂಮು ಸಿಗುತ್ತದೆ. ತಲೆ ಕೆಡಿಸಿಕೊಳ್ಳಬೇಕಾದ್ದು ಒಂದೂರಿಂದ ಇನ್ನೊಂದೂರಿಗೆ ಹೋಗುವುದರ ಬಗ್ಗೆ. ಕಾರವಾರದಿಂದ ಮಂಗಳೂರಿನ ತನಕ ನಾನು, ನನ್ನ ಗಂಡ ರೈಲು, ಬಸ್ಸು, ಬಾಡಿಗೆ ಸ್ಕೂಟರ್, ನಡಿಗೆ ನಾಲ್ಕನ್ನೂ ನೋಡಿದೆವು. ಅವನದು ರೈಲಿನ ಪಕ್ಷ, ನನ್ನದು ಬಸ್ಸಿನ ಪಕ್ಷ. ಬರೆಯುತ್ತಿರುವುದು ನಾನು, ಅದನ್ನು ನೆನಪಿಟ್ಟುಕೊಂಡೇ ಓದಿ.

ರೈಲಿಗೆ ಸಲ್ಲಬೇಕಾದ್ದು ಸಲ್ಲಲಿ. ಹೊನ್ನಾವರದಲ್ಲಿ ಶರಾವತಿ ಮೇಲಿನ ಸೇತುವೆ ಎರಡು ಕಿಲೋಮೀಟರಿಗೂ ಉದ್ದ, ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ಪ್ಯಾಸೆಂಜರ್ ಗಾಡಿಯ ಕಿಟಕಿಯಲ್ಲಿ ಕೂತರೆ ಕೆಳಗೆ ಅಗಲವಾದ ನೀರು, ನಡುವೆ ತೆಂಗು ತುಂಬಿದ ಕುದ್ರುಗಳು, ಅಂದರೆ ನದಿಯೊಳಗಿನ ಸಣ್ಣ ದ್ವೀಪಗಳು. ಟಿಕೆಟ್ ಅಗ್ಗ. ಬ್ಯಾಗಿಗೆ ಜಾಗ ಹುಡುಕಬೇಕಿಲ್ಲ, ಶೌಚಾಲಯದ ಚಿಂತೆಯೂ ಇಲ್ಲ. ಮಧ್ಯಾಹ್ನದ ಸೆಕೆಯಲ್ಲಿ ಇದೆಲ್ಲ ಸಣ್ಣ ಮಾತಲ್ಲ.

ತೊಂದರೆ ಶುರುವಾಗುವುದು ಇಳಿದ ಮೇಲೆ. ಈ ಹಳಿಯ ಮೇಲೆ ಗಾಡಿಗಳು ಉದ್ದಕ್ಕೂ ಓಡತೊಡಗಿದ್ದು 1998ರಲ್ಲಿ. ಅಷ್ಟರಲ್ಲಿ ಊರುಗಳೆಲ್ಲ ಬಂದರಿನ ಹತ್ತಿರ, ದೇವಸ್ಥಾನದ ಸುತ್ತ ಬೆಳೆದು ನಿಂತಿದ್ದವು. ಹಾಗಾಗಿ ಸ್ಟೇಷನ್ ಒಂದು ಕಡೆ, ಊರು ಇನ್ನೊಂದು ಕಡೆ. ಗೋಕರ್ಣ ರೋಡ್‌ನಲ್ಲಿ ಇಳಿದರೆ ಗೋಕರ್ಣ ಇನ್ನೂ ಸುಮಾರು 10 ಕಿ.ಮೀ. ಕಾರವಾರದ ಸ್ಟೇಷನ್ ಇರುವುದು ಶಿರವಾಡದಲ್ಲಿ, ಉಡುಪಿಯದು ಇಂದ್ರಾಳಿಯಲ್ಲಿ. ಕುಂದಾಪುರದ್ದೂ ಪೇಟೆಯಿಂದ ದೂರವೇ. ಇಬ್ಬರ ರೈಲು ಟಿಕೆಟ್ಟಿಗಿಂತ ಆಟೋ ಬಾಡಿಗೆಯೇ ಜಾಸ್ತಿ. ಜೊತೆಗೆ ಹೆಚ್ಚಿನ ಕಡೆ ಇರುವುದು ಒಂದೇ ಹಳಿ. ಎದುರಿನ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡುತ್ತಾ ಸಣ್ಣ ಸ್ಟೇಷನ್ನಿನಲ್ಲಿ ಸುಮ್ನೆ ನಿಂತಿರುತ್ತದೆ ನಮ್ಮ ಪ್ಯಾಸೆಂಜರ್. "ನಿಂತ್ರೆ ನಿಲ್ಲಲಿ ಬಿಡು, ನಮಗೇನು ಅರ್ಜೆಂಟು" ಅಂತಾನೆ ಇವನು. ಅದೂ ಸರಿಯೇ. ಆದರೆ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಗಾಡಿಗಳೇ ಕಮ್ಮಿ. ಒಂದು ತಪ್ಪಿದರೆ ಅರ್ಧ ದಿನ ಹೋಯಿತು.

ಬಸ್ಸು ಊರೊಳಗೇ ಇಳಿಸುತ್ತದೆ. ನನ್ನ ವಾದದ ಮುಕ್ಕಾಲು ಪಾಲು ಇಷ್ಟೇ. ಬಸ್‌ಸ್ಟ್ಯಾಂಡಿನಿಂದ ಹೊರಬಂದರೆ ರೂಮು, ಹೋಟೆಲು, ಮೀನು ಮಾರ್ಕೆಟ್ಟು ಎಲ್ಲ ನಡೆಯುವ ದೂರದಲ್ಲೇ. ಉತ್ತರ ಕನ್ನಡದಲ್ಲಿ ಸರ್ಕಾರಿ ಬಸ್ಸುಗಳೇ ಜಾಸ್ತಿ, ಅಲ್ಲಿ ನನಗೆ ಶಕ್ತಿ ಯೋಜನೆಯ ಲಾಭ. "ಆಧಾರ್ ತೋರ್ಸಿ ಅಕ್ಕಾ" ಅಂದ ಕಂಡಕ್ಟರ್ ನನಗೊಂದು ಸೊನ್ನೆ ರೂಪಾಯಿ ಟಿಕೆಟ್ ಕೊಟ್ಟು, ಪಕ್ಕದವನ ಕಡೆ ಕೈ ಚಾಚಿದರು. ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಅಂತ ಇಳಿದು ಹತ್ತಿದಷ್ಟೂ ಉಳಿತಾಯ ನಮ್ಮದೇ, ಅಲ್ವಾ? ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.

ಕುಂದಾಪುರ ದಾಟಿದ ಮೇಲೆ ಖಾಸಗಿ ಬಸ್ಸುಗಳದ್ದೇ ರಾಜ್ಯ. ಇಲ್ಲಿ ಇಬ್ಬರಿಗೂ ಟಿಕೆಟ್ಟು. ಆದರೆ ಕಾಯುವ ಮಾತೇ ಇಲ್ಲ, ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಬ್ಯಾಗ್ ಒಳಗೆ ಬಿತ್ತೋ ಇಲ್ಲವೋ ಕಂಡಕ್ಟರನ "ರೈಟ್ ಪೋಯಿ" (ತುಳುವಿನಲ್ಲಿ ಹೋಗೋಣ) ಕೇಳಿಸುತ್ತದೆ. ಆಮೇಲೆ ಕಂಬಿ ಗಟ್ಟಿ ಹಿಡಿದುಕೊಳ್ಳುವುದು ನಿಮ್ಮ ಕೆಲಸ. ಬೆಳಿಗ್ಗೆ ಶಾಲೆ, ಆಫೀಸಿನ ಹೊತ್ತಿನಲ್ಲಿ ಮಾತ್ರ ದೊಡ್ಡ ಬ್ಯಾಗ್ ಹಿಡಿದು ಹತ್ತಬೇಡಿ, ಇಡೀ ಬಸ್ಸು ನಿಮ್ಮನ್ನೇ ದುರುಗುಟ್ಟಿ ನೋಡುತ್ತದೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಎರಡೂ ಒಟ್ಟಿಗೆ ಕಾಣುವುದು ಬಸ್ಸಿನಿಂದಲೇ. ರೈಲಿನ ಪಕ್ಷಕ್ಕೆ ಇಲ್ಲಿ ಉತ್ತರವಿಲ್ಲ.

ಮಳೆಗಾಲದಲ್ಲಿ ಈ ಯಾವ ಲೆಕ್ಕವೂ ನಡೆಯುವುದಿಲ್ಲ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಇದೇ 66ನೇ ಹೆದ್ದಾರಿ ಮೇಲೆ. ರೈಲಿಗೂ ಮಳೆಗಾಲದ ವೇಳಾಪಟ್ಟಿಯೇ ಬೇರೆ, ಗಾಡಿಗಳು ನಿಧಾನ ಓಡುತ್ತವೆ. ನವೆಂಬರ್‌ನಿಂದ ಫೆಬ್ರವರಿ ಒಳಗೆ ಮುಗಿಸಿಕೊಳ್ಳಿ.

ಸ್ಕೂಟರ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ತಂದ ಅಂಗಡಿಗೇ ವಾಪಸ್ ಕೊಡಬೇಕು. ಮುಂದೆ ಮುಂದೆ ಹೋಗುವವರಿಗೆ ಅದು ಏನು ಪ್ರಯೋಜನ? ಗೋಕರ್ಣದಲ್ಲೇ ನಾಲ್ಕು ದಿನ ಬೀಡುಬಿಟ್ಟು ಮಿರ್ಜಾನ್ ಕೋಟೆ ನೋಡಿಬರಲು ಚೆನ್ನ. ಇಬ್ಬರ ಎರಡು ದೊಡ್ಡ ಬ್ಯಾಗ್ ಹೇರಿಕೊಂಡು, ಲಾರಿಗಳ ಪಕ್ಕ ಹೆದ್ದಾರಿಯಲ್ಲಿ ಹೋಗುವುದಂತೂ ಬೇಡವೇ ಬೇಡ.

ಇನ್ನು ನಡಿಗೆ. ಕಡಲ ತೀರ ಹಿಡಿದು ಪೂರ್ತಿ ನಡೆದೇ ಹೋಗೋಣ ಅನ್ನುವವರಿದ್ದಾರೆ. ನಕ್ಷೆಯಲ್ಲಿ ಚಂದ ಕಾಣುತ್ತದೆ. ಆದರೆ ಗಂಗಾವಳಿ, ಅಘನಾಶಿನಿ, ಶರಾವತಿ ಅಂತ ಅಡ್ಡಕ್ಕೆ ಅಳಿವೆಗಳಿವೆ. ದೋಣಿ ಇಲ್ಲದ ಕಡೆ ಸೇತುವೆ ಹುಡುಕಿಕೊಂಡು ಹೆದ್ದಾರಿಗೇ ಬರಬೇಕು. ಉಡುಪಿ, ದಕ್ಷಿಣ ಕನ್ನಡದ ಕಡೆ ಕಡಲ್ಕೊರೆತ ತಡೆಯಲು ಸುರಿದ ಬಂಡೆಗಳು ಬೇರೆ. ಅವುಗಳ ಮೇಲೆ ಬೆನ್ನಿಗೆ ಭಾರ ಹಾಕಿಕೊಂಡು ಹೋದರೆ ಕಾಲು ಮುರಿಯುವುದೇ ಸೈ.

ನಡೆಯಲೇಬೇಕಾದ ತುಂಡು ಕುಮಟಾದಿಂದ ಗೋಕರ್ಣ, ಸುಮಾರು 25 ಕಿ.ಮೀ. ವನ್ನಳ್ಳಿ, ಕಡ್ಲೆ ತೀರ ಕಳೆದು ಅಘನಾಶಿನಿ ಊರಿಗೆ ಬಂದು, ಅಲ್ಲಿಂದ ದೋಣಿಯಲ್ಲಿ ತದಡಿಗೆ ದಾಟಬೇಕು. ಈ ನದಿಗೆ ಅಣೆಕಟ್ಟಿಲ್ಲ. ನೀರು ಇಳಿದ ಹೊತ್ತಿಗೆ ಹೋದರೆ ಅಳಿವೆಯಲ್ಲಿ ಸೊಂಟದ ಮಟ್ಟ ನೀರಲ್ಲಿ ನಿಂತು ಬಳಚು, ಅಂದರೆ ತಿನ್ನುವ ಚಿಪ್ಪು, ಆಯುವವರು ಕಾಣುತ್ತಾರೆ. ತದಡಿ ಆಚೆ ಬೆಲೆಕಾನ, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ. ಒಂದು ತೀರ ಮುಗಿದ ಕೂಡಲೇ ಚಿರೆಕಲ್ಲಿನ ಗುಡ್ಡ ಹತ್ತಬೇಕು, ಇಳಿದರೆ ಮತ್ತೆ ಮರಳು. ಗುಡ್ಡದ ಮೇಲೆ ನೆರಳಿಲ್ಲ, ನೀರೂ ಸಿಗುವುದಿಲ್ಲ. ನಾವು ದೊಡ್ಡ ಬ್ಯಾಗುಗಳನ್ನು ಗೋಕರ್ಣದ ರೂಮಿನಲ್ಲೇ ಬಿಟ್ಟು, ಹಿಂದಿನ ಸಂಜೆ ಬಸ್ಸಿನಲ್ಲಿ ಕುಮಟಾಕ್ಕೆ ಹೋಗಿ, ಬೆಳಕು ಹರಿಯುವ ಮೊದಲೇ ಹೊರಟು ನಡೆದು ವಾಪಸ್ ಬಂದೆವು. ಒಂದೇ ದಿನಕ್ಕೆ ಮುಗಿಸುವ ಹಟ ಬೇಡ ಅನ್ನಿಸಿದರೆ ನಡುವೆ ಉಳಿಯಿರಿ.

ದಕ್ಷಿಣದಲ್ಲಿ ಇಂಥ ಇನ್ನೊಂದು ಸಣ್ಣ ತುಂಡಿದೆ. ಹಂಗಾರಕಟ್ಟೆಯಲ್ಲಿ ಬಾರ್ಜ್ ಹತ್ತಿ ಕೋಡಿ ಬೆಂಗ್ರೆಯಲ್ಲಿ ಇಳಿಯಿರಿ. ಅಲ್ಲಿಂದ ಹೂಡೆ ಕಡೆಗೆ ನೆಟ್ಟಗಿನ ದಾರಿ, ಎಡಕ್ಕೆ ಹೊಳೆ, ಬಲಕ್ಕೆ ಕಡಲು. ಇಲ್ಲಿ ಗುಡ್ಡ ಹತ್ತುವುದಿಲ್ಲ, ಹಾಗಾಗಿ ಬ್ಯಾಗ್ ಹೊತ್ತೇ ನಡೆಯಬಹುದು. ಬಾರ್ಜ್ ಹೊರಡುವ ಸಮಯ ಮೊದಲೇ ಕೇಳಿಕೊಂಡಿರಿ. ಹೂಡೆಗೆ ಬಂದರೆ ಉಡುಪಿಗೆ ಬಸ್ಸಿದೆ.