ತುಮಕೂರಿನಿಂದ ವಿಧಾನಸೌಧಕ್ಕೆ: ಮೂರು ದಾರಿ, ಮೂರು ವಾರ

ನಮ್ಮ ಮನೆ ತುಮಕೂರಿನ ಬಟವಾಡಿ ಹತ್ತಿರ. ಕೆಲಸ ವಿಧಾನಸೌಧದ ಮೆಟ್ರೋ ನಿಲ್ದಾಣದಿಂದ ಐದು ನಿಮಿಷದ ನಡಿಗೆ. ನಡುವೆ ಹೆಚ್ಚೂಕಡಿಮೆ 70 ಕಿಲೋಮೀಟರ್. ಮೆಟ್ರೋ ತುಮಕೂರಿಗೇ ಬರುತ್ತದಂತೆ ಅನ್ನುವ ಮಾತು ಊರಲ್ಲಿ ಹಬ್ಬಿದಾಗಿನಿಂದ ಸಿಕ್ಕವರೆಲ್ಲ "ನಿಮಗಂತೂ ಅನುಕೂಲ ಆಯ್ತಲ್ಲಾ" ಅಂತಾರೆ. ಹೌದು ಅನ್ನುವ ಮೊದಲು ಓಡಾಡಿ ನೋಡೋಣ ಅನ್ನಿಸಿತು. ಜನವರಿಯಲ್ಲಿ ಒಂದು ವಾರ ಬರೀ ಬಸ್ಸು, ಇನ್ನೊಂದು ವಾರ ನಮ್ಮ ಕಡೆಯ ಕೊನೆಯ ಮೆಟ್ರೋ ನಿಲ್ದಾಣ ಮಾದಾವರದ ತನಕ ಬಸ್ಸು ಆಮೇಲೆ ಮೆಟ್ರೋ, ಮೂರನೇ ವಾರ ರೈಲು. ದಿನಾ ಮನೆ ಬಾಗಿಲು ಎಳೆದುಕೊಂಡ ಹೊತ್ತು, ಕುರ್ಚಿಯಲ್ಲಿ ಕೂತ ಹೊತ್ತು ಎರಡನ್ನೂ ಬರೆದಿಟ್ಟೆ.

ಬಸ್ಸಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬಟವಾಡಿಯಲ್ಲೇ ಹತ್ತಬಹುದು, ಆಟೋ ಖರ್ಚಿಲ್ಲ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ನನ್ನಂಥ ಹೆಂಗಸರಿಗೆ ಟಿಕೆಟ್ಟಿನ ದುಡ್ಡೂ ಇಲ್ಲ. ತಿಂಗಳ ಕೊನೆಗೆ ಕೈಯಲ್ಲಿ ಉಳಿಯುವ ದುಡ್ಡು ಸಣ್ಣದಲ್ಲ, ಅದನ್ನು ಹಗುರವಾಗಿ ಮಾತಾಡುವವರನ್ನು ಕಂಡರೆ ನನಗೆ ಬೇಸರ. ಆದರೆ ಹೊತ್ತು? ಮನೆಯಿಂದ ಕಚೇರಿಗೆ ಸರಾಸರಿ 2 ಗಂಟೆ 35 ನಿಮಿಷ. ಸೋಮವಾರ ಮೂರು ಗಂಟೆ ದಾಟಿತು. ನೆಲಮಂಗಲ–ತುಮಕೂರು ಹೆದ್ದಾರಿ ಆರು ಪಥವಾಗುವ ಕೆಲಸ ನಡೆದಿರುವ ಕಡೆಯೆಲ್ಲ ಗಾಡಿಗಳು ಸರ್ವೀಸ್ ರಸ್ತೆಗೆ ಇಳಿಯುತ್ತವೆ. ಅದು ದಾಟಿದರೆ ನೆಲಮಂಗಲ, ಅದೂ ದಾಟಿದರೆ ಎಂಟನೇ ಮೈಲಿ, ಗೊರಗುಂಟೆಪಾಳ್ಯ.

ಹಾಗಾಗಿ ಎರಡನೇ ವಾರದ ಮೇಲೆ ನನಗೆ ಬಹಳ ಆಸೆಯಿತ್ತು. ಹಸಿರು ಮಾರ್ಗ ನಾಗಸಂದ್ರದಿಂದ ಮಾದಾವರಕ್ಕೆ ವಿಸ್ತರಣೆಯಾದದ್ದು 2024ರ ನವೆಂಬರ್‌ನಲ್ಲಿ. ಮೂರೇ ನಿಲ್ದಾಣ, ಬರೀ 3.14 ಕಿ.ಮೀ. ಆದರೂ ಆ ಮೂರು ಕಿಲೋಮೀಟರ್ ನಮ್ಮ ರಸ್ತೆಯ ಅತಿ ಕೆಟ್ಟ ಮೂರು ಕಿಲೋಮೀಟರ್. ಮಾದಾವರದಲ್ಲಿ ಇಳಿದವರಿಗೆ ಪೀಣ್ಯ ಫ್ಲೈಓವರಿನ ಗೊಡವೆಯೇ ಇಲ್ಲ. ಅಲ್ಲಿಂದ ಮೆಜೆಸ್ಟಿಕ್‌ಗೆ ಸುಮಾರು 17 ಕಿ.ಮೀ., ಎರಡೂ ತುದಿ ಸೇರಿ 17 ನಿಲ್ದಾಣ. ಐದು ದಿನವೂ ಗಡಿಯಾರ ನೋಡಿದೆ: 34, 35, 35, 36, 35 ನಿಮಿಷ. ಮಳೆ ಬರಲಿ, ಸೋಮವಾರವಾಗಲಿ, ಅದೇ 35. ಈ ಭರವಸೆಗೆ ಬೆಲೆ ಕಟ್ಟಲಾಗದು.

ತೊಂದರೆ ಇರುವುದು ಬಸ್ಸಿಗೂ ಮೆಟ್ರೋಗೂ ನಡುವಿನ ಹೊಲಿಗೆಯಲ್ಲಿ. ಬುಧವಾರ ನಾನಿದ್ದ ಬಸ್ಸು ಮಾದಾವರದಲ್ಲಿ ನಿಲ್ಲಲೇ ಇಲ್ಲ. ಕೂಗಿದೆ, "ಇಲ್ಲಿ ಸ್ಟಾಪ್ ಇಲ್ಲಮ್ಮಾ, ಎಂಟನೇ ಮೈಲೀಲಿ ಇಳ್ಕೊಳ್ಳಿ" ಅಂದರು. ಕಿಟಕಿಯಿಂದ ನಿಲ್ದಾಣದ ಮೆಟ್ಟಿಲು ಹಿಂದೆ ಸರಿಯುವುದನ್ನು ನೋಡುತ್ತ, ಯಾವ ಮೂರು ಕಿಲೋಮೀಟರ್ ತಪ್ಪಿಸಬೇಕೆಂದಿದ್ದೆನೋ ಅದರಲ್ಲೇ ಇಪ್ಪತ್ತೈದು ನಿಮಿಷ ಕೂತೆ. ನಿಂತ ದಿನವೂ ಹೆದ್ದಾರಿಯ ಅಂಚಿನಲ್ಲಿ, ಲಾರಿಗಳ ಪಕ್ಕದಲ್ಲಿ ಬ್ಯಾಗು ಎದೆಗವಚಿಕೊಂಡು ನಡೆಯಬೇಕು. ವಾರದ ಸರಾಸರಿ 2 ಗಂಟೆ 20 ನಿಮಿಷ. ಮೆಟ್ರೋ ಉಳಿಸಿಕೊಟ್ಟ ಹೊತ್ತಿನ ಅರ್ಧವನ್ನು ಬಸ್ಸು ಬದಲಿಸುವುದೇ ತಿಂದುಹಾಕಿತು.

ಮೂರನೇ ವಾರ ರೈಲು. ಬಟವಾಡಿಯಿಂದ ಸ್ಟೇಷನ್ನಿಗೆ ಆಟೋ, ಅಲ್ಲಿಂದ ಯಶವಂತಪುರ. ಮೇಲ್ಸೇತುವೆ ಹತ್ತಿ ತುಮಕೂರು ರಸ್ತೆ ಕಡೆ ಇಳಿದರೆ ಮೆಟ್ರೋ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾದರೆ ಎರಡನೇ ನಿಲ್ದಾಣ ನನ್ನದು. ಸರಾಸರಿ 2 ಗಂಟೆ 5 ನಿಮಿಷ. ಮೂರರಲ್ಲಿ ಕಡಿಮೆ ಹೊತ್ತು ಇದಕ್ಕೇ, ಸೀಸನ್ ಪಾಸ್ ಮಾಡಿಸಿದರೆ ಖರ್ಚೂ ಹೆಚ್ಚೇನಿಲ್ಲ. 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿದ ಮೇಲೆ ಮೆಟ್ರೋದಲ್ಲಿ ಎಷ್ಟು ದೂರ ಕೂರುತ್ತೇವೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಸಂಜೆಯ ರೈಲಿನ ಮಹಿಳಾ ಬೋಗಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರೆಕಾಯಿ ಕಾಲ. ಚಿಕ್ಕಬಾಣಾವರ ದಾಟುವ ಹೊತ್ತಿಗೆ ಎದುರು ಸೀಟಿನ ಇಬ್ಬರು ಮಡಿಲಲ್ಲಿ ಪೇಪರ್ ಹಾಸಿಕೊಂಡು ಕಾಯಿ ಸುಲಿಯತೊಡಗಿದರು. ಪಕ್ಕದವರೊಬ್ಬರು ಕೇಳದೆಯೇ ಒಂದು ಹಿಡಿ ತೆಗೆದುಕೊಂಡರು, ನಾನೂ ಕೈ ಚಾಚಿದೆ. ಸೊಗಡು ಬೆರಳಿಗಂಟಿತು. ಕ್ಯಾತಸಂದ್ರ ಬರುವಷ್ಟರಲ್ಲಿ ರಾತ್ರಿಯ ಹುಳಿಗೆ ಕಾಳು ತಯಾರು. ಮನೆ ಸೇರಿದ ಮೇಲಿನ ಅರ್ಧ ಗಂಟೆ ಕೆಲಸ ಅಲ್ಲೇ ಮುಗಿದಿತ್ತು. ದಿನಕ್ಕೆ ನಾಲ್ಕು ಗಂಟೆ ಹಾದಿಯಲ್ಲೇ ಕಳೆಯುವ ಹೆಂಗಸಿಗೆ ಇದು ಎಷ್ಟು ದೊಡ್ಡದು ಅಂತ ನಕ್ಷೆ ಬರೆಯುವವರಿಗೆ ತಿಳಿಯಬೇಕು.

ರೈಲಿನ ಕೊರತೆ ಒಂದೇ, ಸಂಖ್ಯೆ. 2024ರಲ್ಲಿ ಯಶವಂತಪುರಕ್ಕೆ ಮೆಮು (ಹತ್ತಿರದ ಊರುಗಳ ನಡುವೆ ಓಡುವ ವಿದ್ಯುತ್ ರೈಲು) ಶುರುವಾಗಿದೆ, ಹಳಿ ಜೋಡಿಯಾಗಿದೆ, ವಿದ್ಯುದೀಕರಣವೂ ಆಗಿದೆ. ಆದರೂ ಒಂದು ಗಾಡಿ ತಪ್ಪಿದರೆ ಇನ್ನೊಂದು ಯಾವಾಗ ಅಂತ ಹತ್ತು ಸಲ ಮೊಬೈಲ್ ನೋಡಬೇಕು. ದೂರದೂರಿಂದ ಬರುವ ಎಕ್ಸ್‌ಪ್ರೆಸ್ ತಡವಾದರೆ ನಮ್ಮ ದಿನವೂ ತಡ. ಆ ವಾರದಲ್ಲೇ ಒಂದು ದಿನ ಸ್ಟೇಷನ್ನಿನ ಹೊರಗೆ ಸಿಗ್ನಲ್ಲಿಗೆ ಕಾಯುತ್ತ ಇಪ್ಪತ್ತು ನಿಮಿಷ ನಿಂತೆವು.

ಈಗ ಇನ್ನೂ ಹಳಿ ಬೀಳದ ನಾಲ್ಕನೇ ದಾರಿ, ಮಾದಾವರದಿಂದ ತುಮಕೂರಿಗೆ ಮೆಟ್ರೋ. 2024–25ರ ರಾಜ್ಯ ಬಜೆಟ್ಟಿನಲ್ಲಿ ಕಾರ್ಯಸಾಧ್ಯತೆಯ ಅಧ್ಯಯನದ ಮಾತು ಬಂತು. ಸುಮಾರು 60 ಕಿ.ಮೀ., 20 ಸಾವಿರ ಕೋಟಿ ರೂಪಾಯಿಗೂ ಮೀರಿದ ಅಂದಾಜು. ನಾನು ಎಂಜಿನಿಯರ್ ಅಲ್ಲ, ನನ್ನ ಹತ್ತಿರ ಇರುವುದು ಆ 35 ನಿಮಿಷದ ಲೆಕ್ಕ. 17 ಕಿಲೋಮೀಟರಿಗೆ 35 ನಿಮಿಷವಾದರೆ 60ಕ್ಕೆ ಎರಡು ಗಂಟೆ. ಊರಾಚೆ ನಿಲ್ದಾಣಗಳು ದೂರದೂರ ಇರುತ್ತವೆ, ಓಟ ಜೋರಾಗುತ್ತದೆ, ಒಂದೂವರೆ ಗಂಟೆ ಅನ್ನೋಣ. ಅದಕ್ಕೆ ಮಾದಾವರದಿಂದಾಚಿನ 35 ಸೇರಿದರೆ ಮೆಜೆಸ್ಟಿಕ್ ಮುಟ್ಟಲು ಎರಡು ಗಂಟೆ ದಾಟಿತು. ಅಷ್ಟೂ ಹೊತ್ತು ಗೋಡೆಗಂಟಿದ ಉದ್ದ ಬೆಂಚಿನಲ್ಲಿ, ಕೂರಲು ಜಾಗ ಸಿಕ್ಕರೆ. ಗಾಡಿಯೊಳಗೆ ಶೌಚಾಲಯವಿಲ್ಲ. ಹತ್ತು ನಿಮಿಷ ಊರೊಳಗೆ ಓಡಾಡುವವರಿಗೆ ಮಾಡಿದ ಗಾಡಿಯಲ್ಲಿ ಗರ್ಭಿಣಿಯನ್ನೋ ವಯಸ್ಸಾದ ಸಕ್ಕರೆ ಕಾಯಿಲೆಯವರನ್ನೋ ಎರಡು ಗಂಟೆ ಕೂರಿಸಬಾರದು. ದೆಹಲಿ–ಮೀರತ್ ನಡುವೆ ಇಂಥದೇ ದೂರಕ್ಕೆ ಮೆಟ್ರೋ ಎಳೆಯದೆ ಗಂಟೆಗೆ 160 ಕಿ.ಮೀ. ಓಡುವ ನಮೋ ಭಾರತ್ ರೈಲು ಹಾಕಿದ್ದು ಹಾದಿಯ ಹೊತ್ತು ಇಳಿಸಲಿಕ್ಕೇ. ಮೆಟ್ರೋ ಗಂಟೆಗೆ 80ರ ಗಾಡಿ.

ಹಾಗಂತ ವಿಸ್ತರಣೆಯೇ ಬೇಡ ಅನ್ನುವವಳಲ್ಲ ನಾನು. ನೆಲಮಂಗಲದ ತನಕ ಬರಲೇಬೇಕು, ನಾಳೆಯೇ ಬಂದರೂ ಸರಿ. ಯಾಕೆಂದರೆ ನೆಲಮಂಗಲದ ರೈಲು ನಿಲ್ದಾಣ ಇರುವುದು ಹಾಸನದ ಹಳಿಯ ಮೇಲೆ. ತುಮಕೂರಿನ ಗಾಡಿಗಳು ಸೋಲದೇವನಹಳ್ಳಿ, ದೊಡ್ಡಬೆಲೆ, ನಿಡವಂದದ ಕಡೆಯಿಂದ ಹಾದು ಹೋಗುತ್ತವೆ, ನೆಲಮಂಗಲದವರಿಗೆ ನಮ್ಮ ರೈಲು ಸಿಗುವುದೇ ಇಲ್ಲ. ಅವರಿಗೆ ಹೆಚ್ಚಾಗಿ ರಸ್ತೆಯೇ ಗತಿ. ತುಮಕೂರು, ಕ್ಯಾತಸಂದ್ರ, ಹಿರೇಹಳ್ಳಿ, ದಾಬಸ್‌ಪೇಟೆಗೆ ಹಳಿ ಆಗಲೇ ಇದೆ. ಉಪನಗರ ರೈಲಿನ ಮಲ್ಲಿಗೆ ಮಾರ್ಗ ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ ಬರುತ್ತಿದೆ, ಚಿಕ್ಕಬಾಣಾವರ ನಮ್ಮ ಹಳಿಯ ಮೇಲೇ ಇದೆ. ಅದೂ ಬ್ರಾಡ್‌ಗೇಜ್, ನಮ್ಮದೂ ಬ್ರಾಡ್‌ಗೇಜ್. ಮೆಟ್ರೋ ಗಾಡಿ ಈ ಹಳಿ ಮೇಲೆ ಓಡಲಾರದು, ಅದರ ಅಳತೆಯೇ ಬೇರೆ. ಆ 20 ಸಾವಿರ ಕೋಟಿಯಲ್ಲಿ ಒಂದು ಪಾಲು ಇತ್ತ ಹರಿದು ಬೆಳಗ್ಗೆ ಆರರಿಂದ ಒಂಬತ್ತರವರೆಗೆ ಇಪ್ಪತ್ತು ನಿಮಿಷಕ್ಕೊಂದು ಮೆಮು ಬಿಟ್ಟರೆ ನಮ್ಮ ಜಿಲ್ಲೆಯ ಅರ್ಧ ಗೋಳು ತೀರುತ್ತದೆ.

ಫೆಬ್ರವರಿಗೆ ನಾನು ರೈಲಿನ ಪಾಸ್ ಮಾಡಿಸಿದ್ದೇನೆ. ಮೆಟ್ರೋ ಕಾರ್ಡೂ ಪರ್ಸಿನಲ್ಲಿದೆ. ಗಾಡಿ ತಪ್ಪಿದ ದಿನ ಬಟವಾಡಿಯಲ್ಲಿ ಬಸ್ಸು ಹತ್ತಿ ಮೊದಲು ಕೇಳುವುದು, "ಮಾದಾವರದಲ್ಲಿ ನಿಲ್ಲಿಸ್ತೀರಾ?" ನಿಲ್ಲಿಸುವುದಿಲ್ಲ ಅಂದರೆ ಇಳಿದು ಮುಂದಿನ ಬಸ್ಸಿಗೆ ಕಾಯುತ್ತೇನೆ.