ಮನೆಯ ವಿಡಿಯೊ ಟಿವಿಯಲ್ಲಿ ನೋಡಲು ರೌಟರಿನ ಬಾಗಿಲು ತೆರೆಸಬೇಡಿ

ಕಂಪ್ಯೂಟರಿನಲ್ಲಿರುವ ವಿಡಿಯೊಗಳನ್ನು ಪ್ಲೇಸ್ಟೇಷನ್ ಎಂಬ ಆಟದ ಯಂತ್ರದ ಮೂಲಕ ಟಿವಿಯಲ್ಲಿ ನೋಡಲು ಹೊರಟವರಿಗೆ ಯಾರಾದರೂ ‘ರೌಟರಿನಲ್ಲಿ ಡಿಎಂಜೆಡ್ (ಹೊರಗಿನ ಸಂಪರ್ಕಗಳನ್ನು ಒಂದು ಕಂಪ್ಯೂಟರಿಗೆ ಬಿಡುವ ಸೆಟ್ಟಿಂಗ್) ಹಾಕಿದರೆ ಸರಿಹೋಗುತ್ತದೆ’ ಎಂದು ಹೇಳಿದರೆ ದಯವಿಟ್ಟು ಒಪ್ಪಬೇಡಿ. ಹಾಗೆ ಒಪ್ಪಿದ ನಾನು ಅಪ್ಪನ ತಾಳಮದ್ದಳೆಯ ರೆಕಾರ್ಡಿಂಗುಗಳಲ್ಲಿ ಬಹುಪಾಲನ್ನು ಕಳೆದುಕೊಂಡಿದ್ದೇನೆ.

ಅಪ್ಪ ಪುತ್ತೂರು, ಸುಳ್ಯದ ಕಡೆಯ ಕೂಟಗಳಲ್ಲಿ ಅರ್ಥ ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಹಳೆಯ ಕ್ಯಾಸೆಟ್ಟುಗಳನ್ನೂ ಹ್ಯಾಂಡಿಕ್ಯಾಮ್ ಟೇಪುಗಳನ್ನೂ ಎರಡು ವರ್ಷ ಕುಳಿತು ಕಂಪ್ಯೂಟರಿಗೆ ಇಳಿಸಿದ್ದೆ. ಅಮ್ಮನಿಗೆ ಅವನ್ನು ದೊಡ್ಡ ಪರದೆಯಲ್ಲಿ ತೋರಿಸಬೇಕೆಂಬ ಆಸೆ ನನ್ನದು. ಮಗನ ಪಿಎಸ್4 (ಪ್ಲೇಸ್ಟೇಷನ್ 4) ಟಿವಿಗೆ ಜೋಡಿಸಿಯೇ ಇತ್ತು. ಅದರ ಮೀಡಿಯಾ ಪ್ಲೇಯರ್ ಆ್ಯಪ್ ಮನೆಯ ಜಾಲದಲ್ಲಿರುವ ಡಿಎಲ್‌ಎನ್‌ಎ ಸರ್ವರಿನಿಂದ, ಅಂದರೆ ವಿಡಿಯೊಗಳನ್ನು ಬೇರೆ ಸಾಧನಗಳಿಗೆ ಕಳುಹಿಸುವ ಕಂಪ್ಯೂಟರಿನಿಂದ, ವಿಡಿಯೊ ಎಳೆದುಕೊಳ್ಳಬಲ್ಲದೆಂದು ತಿಳಿದು, ವಿಂಡೋಸ್‌ನಲ್ಲೇ ಇರುವ ಮೀಡಿಯಾ ಸ್ಟ್ರೀಮಿಂಗ್ ಸೌಲಭ್ಯವನ್ನು ಆನ್ ಮಾಡಿದೆ. ಪಿಎಸ್4ನಲ್ಲಿ ಕಂಪ್ಯೂಟರಿನ ಹೆಸರು ಮಾತ್ರ ಕಾಣಿಸಲಿಲ್ಲ.

ಎರಡು ದಿನ ಪರದಾಡಿದ ಮೇಲೆ ಪರಿಚಯದ ತಂತ್ರಜ್ಞರೊಬ್ಬರನ್ನು ಕರೆಸಿದೆ. ಅವರು ಬೇಡದ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್ ಆಫ್ ಮಾಡಿದರು, ಡಿ ಡ್ರೈವನ್ನೂ ಬ್ಯಾಕಪ್ಪಿಗೆಂದು ಸದಾ ಸಿಕ್ಕಿಸಿಟ್ಟಿದ್ದ ಹೊರಗಿನ ಹಾರ್ಡ್ ಡಿಸ್ಕನ್ನೂ ‘ಎವ್ರಿವನ್’ ಹೆಸರಿಗೆ ಪೂರ್ಣ ಅಧಿಕಾರದೊಂದಿಗೆ ಶೇರ್ ಮಾಡಿದರು, ಪಾಸ್‌ವರ್ಡ್ ಕೇಳುವುದನ್ನು ತೆಗೆದರು, ಕೊನೆಗೆ ರೌಟರಿನ ಪುಟ ತೆರೆದು ನನ್ನ ಕಂಪ್ಯೂಟರನ್ನು ಡಿಎಂಜೆಡ್‌ಗೆ ಸೇರಿಸಿದರು. “ಇನ್ನು ಏನೂ ಅಡ್ಡ ಬರೋದಿಲ್ಲ ಸರ್” ಎಂದರು. ಕಂಪ್ಯೂಟರಿನ ಹೆಸರು ಕೂಡಲೇ ಪರದೆಯ ಮೇಲೆ ಬಂತು. ಆ ರಾತ್ರಿ ಅಪ್ಪ ವಾಲಿಯಾಗಿ ರಾಮನನ್ನು ಪ್ರಶ್ನಿಸುವ ಭಾಗವನ್ನು ಅಮ್ಮ ಕಣ್ಣು ಒರೆಸಿಕೊಳ್ಳುತ್ತ ಎರಡು ಸಲ ನೋಡಿದರು.

ಒಂಬತ್ತನೆಯ ದಿನ ಬೆಳಿಗ್ಗೆ ಫೋಲ್ಡರ್ ತೆರೆದಾಗ ವಿಡಿಯೊಗಳ ಚಿಕ್ಕ ಚಿತ್ರಗಳೆಲ್ಲ ಮಾಯವಾಗಿ, ಸಾಲು ಸಾಲಾಗಿ ಖಾಲಿ ಬಿಳಿ ಹಾಳೆಯ ಗುರುತುಗಳು ನಿಂತಿದ್ದವು. ಪ್ರತಿ ಕಡತದ ಹೆಸರಿನ ತುದಿಗೂ ಅರ್ಥವಿಲ್ಲದ ಅಕ್ಷರಗಳ ಬಾಲ ಅಂಟಿತ್ತು. ನಡುವೆ ಇದ್ದ ಒಂದು ಪಠ್ಯ ಕಡತದಲ್ಲಿ, ಬಿಟ್‌ಕಾಯಿನ್‌ನಲ್ಲಿ ಹಣ ಕಳುಹಿಸಿದರೆ ಬೀಗ ತೆಗೆಯುತ್ತೇವೆ ಎಂದು ಬರೆದಿತ್ತು. ಬ್ಯಾಕಪ್ ಡಿಸ್ಕಿನ ಗತಿಯೂ ಅದೇ ಆಗಿತ್ತು.

ನಡೆದದ್ದೇನೆಂಬುದು ಆಮೇಲೆ ತಿಳಿಯಿತು. ಡಿಎಂಜೆಡ್ ಎಂದರೆ ಹೊರಗಿನಿಂದ ರೌಟರಿಗೆ ಬರುವ, ಬೇರೆಲ್ಲಿಗೂ ಕಳುಹಿಸಲು ಸೂಚನೆಯಿಲ್ಲದ ಎಲ್ಲ ಸಂಪರ್ಕಗಳನ್ನೂ ಒಂದೇ ಯಂತ್ರದ ಕಡೆ ತಿರುಗಿಸುವುದು. ಅನೇಕ ಮನೆಗಳ ಸಂಪರ್ಕಕ್ಕೆ ಸ್ವಂತ ಸಾರ್ವಜನಿಕ ಐಪಿ ವಿಳಾಸ ಇರುವುದಿಲ್ಲವಾದ್ದರಿಂದ ಅಲ್ಲಿ ಇದರಿಂದ ತಕ್ಷಣ ಹಾನಿಯಾಗದೆ ಇರಬಹುದು. ಆದರೆ ಸಿಸಿಟಿವಿಯನ್ನು ಊರಿನಿಂದ ನೋಡಲೆಂದು ನಾನು ಹೆಚ್ಚು ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಸ್ವಂತ ಸಾರ್ವಜನಿಕ ವಿಳಾಸ, ಪಡೆದಿದ್ದೆ. ವಿಂಡೋಸ್‌ನ ಕಡತ ಹಂಚಿಕೆ ನಡೆಯುವ 445ನೇ ಪೋರ್ಟ್ (ಸಂಪರ್ಕ ಒಳಬರುವ ಸಂಖ್ಯೆಯುಳ್ಳ ದ್ವಾರ) ಹೀಗೆ ಇಡೀ ಜಗತ್ತಿಗೆ, ಪಾಸ್‌ವರ್ಡ್ ಸಹ ಇಲ್ಲದೆ, ತೆರೆದುಕೊಂಡಿತ್ತು. 2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಎಂಬ ಕುತಂತ್ರಾಂಶ ಹಬ್ಬಿದ್ದೂ ಇದೇ ಪೋರ್ಟಿನ ಮೂಲಕ. ಅಲ್ಲಿ ತಂತ್ರಾಂಶದ ದೋಷವೊಂದು ದಾರಿ ಮಾಡಿಕೊಟ್ಟಿತ್ತು, ನನ್ನ ಮನೆಯಲ್ಲಿ ಅದರ ಅಗತ್ಯವೂ ಬೀಳಲಿಲ್ಲ.

ನನ್ನನ್ನು ಹೆಚ್ಚು ನೋಯಿಸುವುದು ಇದಾವುದೂ ಬೇಕಾಗಿಯೇ ಇರಲಿಲ್ಲ ಎಂಬ ಸಂಗತಿ. ಡಿಎಲ್‌ಎನ್‌ಎಗೆ 445ನೇ ಪೋರ್ಟಿನ ಸಂಬಂಧವಿಲ್ಲ, ಎವ್ರಿವನ್ ಶೇರಿಂಗ್ ಸಹ ಬೇಡ. ಪಿಎಸ್4 ಸರ್ವರನ್ನು ಹುಡುಕುವಾಗ 239.255.255.250 ಎಂಬ ಸಾಮೂಹಿಕ ವಿಳಾಸಕ್ಕೆ, ಯುಡಿಪಿ 1900ನೇ ಪೋರ್ಟಿನಲ್ಲಿ ಕೂಗು ಹಾಕುತ್ತದೆ, ಸರ್ವರ್ ಓಗೊಡುತ್ತದೆ. ಈ ಮಾತುಕತೆಯೆಲ್ಲ ಮನೆಯೊಳಗಿನ ಜಾಲದಲ್ಲೇ ಮುಗಿಯುವುದರಿಂದ ರೌಟರಿನ ಹೊರಬಾಗಿಲು ತೆರೆದರೂ ಮುಚ್ಚಿದರೂ ಅದಕ್ಕೆ ವ್ಯತ್ಯಾಸವಾಗದು. ನನ್ನ ವಿಂಡೋಸ್‌ನಲ್ಲಿ ಮನೆಯ ವೈಫೈ ‘ಪಬ್ಲಿಕ್’ ಎಂದು ದಾಖಲಾಗಿದ್ದರಿಂದ ಫೈರ್‌ವಾಲ್ ಆ ಕೂಗನ್ನು ತಡೆಯುತ್ತಿತ್ತು. ಸೆಟ್ಟಿಂಗ್ಸ್‌ನಲ್ಲಿ ಅದನ್ನು ‘ಪ್ರೈವೇಟ್’ ಎಂದು ಬದಲಿಸಿದ್ದರೆ ಸಾಕಿತ್ತು. ತಂತ್ರಜ್ಞರು ಮಾಡಿದ ನಾಲ್ಕು ಕೆಲಸಗಳಲ್ಲಿ ಫಲ ಕೊಟ್ಟದ್ದು ಫೈರ್‌ವಾಲ್ ಆಫ್ ಮಾಡಿದ್ದೊಂದೇ, ಅದೂ ತಪ್ಪು ದಾರಿಯಿಂದ. ನಾವಿಬ್ಬರೂ ನಾಲ್ಕೂ ಬೇಕಿತ್ತೆಂದು ನಂಬಿದೆವು.

ಇದೇ ತೊಂದರೆ ಬಂದವರು ಮೊದಲು ಆ ಪ್ರೈವೇಟ್, ಪಬ್ಲಿಕ್ ಆಯ್ಕೆಯನ್ನು ನೋಡಿ. ಆಮೇಲೆ ಕಂಪ್ಯೂಟರ್ ಮತ್ತು ಪಿಎಸ್4 ಎರಡೂ ಒಂದೇ ವೈಫೈಯಲ್ಲಿವೆಯೇ, ಒಂದು ಗೆಸ್ಟ್ ವೈಫೈಗೆ ಸೇರಿದೆಯೇ ಎಂದು ಪರೀಕ್ಷಿಸಿ. ಹೆಸರು ಕಂಡರೂ ವಿಡಿಯೊ ಓಡದಿದ್ದರೆ ಅದು ಕಡತದ ಮಾದರಿಯ ಪ್ರಶ್ನೆ, ಎಚ್.264 (ವಿಡಿಯೊ ಕುಗ್ಗಿಸಿಡುವ ಒಂದು ವಿಧಾನ) ಇರುವ ಎಂಪಿ4ಗೆ ಬದಲಿಸಿಕೊಳ್ಳಿ. ಯಾವುದೂ ಆಗದಿದ್ದರೆ ಎಕ್ಸ್‌ಫ್ಯಾಟ್ ಮಾದರಿಯ ಪೆನ್‌ಡ್ರೈವಿಗೆ ಹಾಕಿ ಪಿಎಸ್4ಗೇ ಚುಚ್ಚಿ ನೋಡಬಹುದು. ರೌಟರಿನಲ್ಲಿ ಈಗಾಗಲೇ ಡಿಎಂಜೆಡ್ ಆನ್ ಆಗಿದ್ದರೆ ಇಂದೇ ತೆಗೆಸಿ, ಬ್ಯಾಕಪ್ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿಡಿ.

ನಾನು ಹಣ ಕೊಡಲಿಲ್ಲ. ಸೈಬರ್ ಅಪರಾಧದ ರಾಷ್ಟ್ರೀಯ ಪೋರ್ಟಲಿನಲ್ಲಿ ದೂರು ಕೊಟ್ಟೆ; ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಮುಂತಾದವರು 2016ರಲ್ಲಿ ಆರಂಭಿಸಿದ, ಇಂಥ ಬೀಗಗಳ ಕೀಲಿ ಒದಗಿಸುವ ‘ನೋ ಮೋರ್ ರ‍್ಯಾನ್ಸಮ್’ ತಾಣಕ್ಕೆ ಮಾದರಿ ಕಡತವನ್ನೂ ಕಳುಹಿಸಿದೆ. ನನ್ನ ಕಡತಗಳಿಗೆ ಬೀಗ ಹಾಕಿದ ಕುತಂತ್ರಾಂಶಕ್ಕೆ ಅಲ್ಲಿ ಕೀಲಿ ಸಿಗಲಿಲ್ಲ. ಪುತ್ತೂರಿನ ಅಕ್ಕ ಹಿಂದೊಮ್ಮೆ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಹೋಗಿದ್ದ ಹನ್ನೊಂದು ಕೂಟಗಳು ಮಾತ್ರ ಉಳಿದಿವೆ. ವಾಲಿಯ ಭಾಗ ಅದರಲ್ಲಿಲ್ಲ. ಬೀಗ ಬಿದ್ದ ಕಡತಗಳಿರುವ ಡಿಸ್ಕನ್ನು ಹಾಗೆಯೇ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದೇನೆ. ಮೂರು ತಿಂಗಳಿಗೊಮ್ಮೆ ಆ ತಾಣದಲ್ಲಿ ಹೊಸ ಕೀಲಿ ಬಂದಿದೆಯೇ ಎಂದು ನೋಡುತ್ತೇನೆ.