ಫ್ಯಾಕ್ಟೋರಿಯೋ ಸ್ಪೇಸ್ ಏಜ್: ಮಾಡ್ ಬರೆಯುವವರನ್ನು ಸ್ಟುಡಿಯೋ ಕೆಲಸಕ್ಕೆ ತೆಗೆದುಕೊಂಡರೆ ಏನು ಸಿಗುತ್ತದೆ

ಪ್ರಾಗ್‌ನ ವೂಬೆ ಸಾಫ್ಟ್‌ವೇರ್ 2024ರ ಅಕ್ಟೋಬರ್ 21ರಂದು ಕಾರ್ಖಾನೆ ಕಟ್ಟುವ ಫ್ಯಾಕ್ಟೋರಿಯೋ ಆಟಕ್ಕೆ 'ಸ್ಪೇಸ್ ಏಜ್' ವಿಸ್ತರಣೆಯನ್ನು ಬಿಡುಗಡೆ ಮಾಡಿತು. ಬೆಲೆ ಮೂಲ ಆಟದಷ್ಟೇ, 35 ಡಾಲರ್. ವೂಬೆ ಎಂದೂ ರಿಯಾಯಿತಿ ಕೊಡುವುದಿಲ್ಲ, ಹಾಗಾಗಿ ಸ್ಟೀಮ್ ಸೇಲ್‌ಗೆ ಕಾಯುತ್ತ ಕೂತರೆ ಪ್ರಯೋಜನವಿಲ್ಲ. ಮೂಲ ಆಟದಲ್ಲಿ ಒಮ್ಮೆಯಾದರೂ ರಾಕೆಟ್ ಹಾರಿಸಿದವರು ಕಣ್ಣುಮುಚ್ಚಿ ಕೊಳ್ಳಬಹುದು. ಅದಕ್ಕಿಂತ ಹೆಚ್ಚಾಗಿ ಇಲ್ಲಿ ಹೇಳಬೇಕಿರುವುದು, ಈ ವಿಸ್ತರಣೆ ಇಷ್ಟು ಗಟ್ಟಿಯಾಗಿ ಬಂದಿರುವುದಕ್ಕೂ ಅದನ್ನು ಕಟ್ಟಿದವರು ಎಲ್ಲಿಂದ ಬಂದವರು ಎನ್ನುವುದಕ್ಕೂ ಇರುವ ನಂಟನ್ನು.

ಮಾಡ್ ಎಂದರೆ ಆಟವನ್ನು ಬದಲಿಸಲು ಆಟಗಾರರೇ ಬರೆಯುವ ಸೇರ್ಪಡೆ, ಅದನ್ನು ಬರೆಯುವವರು ಮಾಡರ್. ಫ್ಯಾಕ್ಟೋರಿಯೋಗೆ 'ಸ್ಪೇಸ್ ಎಕ್ಸ್‌ಪ್ಲೊರೇಶನ್' ಎಂಬ ದೈತ್ಯ ಮಾಡ್ ಬರೆದ ಎರೆಂಡೆಲ್ ಈ ವಿಸ್ತರಣೆಯ ತಂಡದಲ್ಲಿದ್ದರು. ಚಿತ್ರ ವಿಭಾಗದ ವಿ453000 ಅದಕ್ಕೂ ಮೊದಲು ಸಾರಿಗೆ ಜಾಲ ಕಟ್ಟುವ ಓಪನ್‌ಟಿಟಿಡಿ ಆಟಕ್ಕೆ ರೈಲುಗಳ ಸೆಟ್ ಮಾಡಿಕೊಡುತ್ತಿದ್ದವರು. ಇದು ವೂಬೆ ಒಂದೇ ನಡೆದ ದಾರಿಯಲ್ಲ. ಕೌಂಟರ್ ಸ್ಟ್ರೈಕ್ ಕೂಡ ಹಾಫ್ ಲೈಫ್ ಆಟದ ಮಾಡ್ ಆಗಿತ್ತು. 2000ದಲ್ಲಿ ಹಾಫ್ ಲೈಫ್ ತಯಾರಿಸಿದ ವಾಲ್ವ್ ಕಂಪನಿ ಅದನ್ನು ಮಾಡಿದವರ ಸಮೇತ ಕೊಂಡುಕೊಂಡಿತು. ಆದರೆ ಸ್ಪೇಸ್ ಏಜ್‌ನಲ್ಲಿ ಒಂದು ಅನುಕೂಲವಿದೆ. ಮಾಡರ್ ಹೊರಗಿದ್ದಾಗ ಮಾಡಿದ್ದು ಏನು, ಒಳಗೆ ಬಂದ ಮೇಲೆ ಆಗಿದ್ದು ಏನು ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.

ಬಾಹ್ಯಾಕಾಶ ನೌಕೆಯನ್ನೇ ತೆಗೆದುಕೊಳ್ಳಿ. ಮಾಡರ್ ಕೈಗೆ ಸಿಗುವುದು ಲುವಾ ಭಾಷೆಯ ಸ್ಕ್ರಿಪ್ಟ್ ಮಾತ್ರ. ಆಟವನ್ನು ಓಡಿಸುವ ಮೂಲ ಪ್ರೋಗ್ರಾಮ್ ಆದ ಎಂಜಿನ್ ಸಿ++ ಭಾಷೆಯಲ್ಲಿದೆ, ಅದು ಮುಚ್ಚಿದ ಬಾಗಿಲು. ಹೀಗಾಗಿ ಸ್ಪೇಸ್ ಎಕ್ಸ್‌ಪ್ಲೊರೇಶನ್‌ನಲ್ಲಿ ನೌಕೆ ಹೊರಟಾಗ ಅದರ ನೆಲ, ಯಂತ್ರ, ಬೆಲ್ಟುಗಳನ್ನೆಲ್ಲ ಇನ್ನೊಂದು ಸರ್ಫೇಸ್‌ಗೆ (ಆಟದಲ್ಲಿ ಪ್ರತ್ಯೇಕ ನಕ್ಷೆಗಿರುವ ಹೆಸರು) ನಕಲು ಮಾಡಬೇಕು. ನೌಕೆ ದೊಡ್ಡದಾದಷ್ಟೂ ಆ ಕ್ಷಣಕ್ಕೆ ಆಟ ಮುಗ್ಗರಿಸುತ್ತದೆ. ಸ್ಪೇಸ್ ಏಜ್‌ನ ನೌಕೆಯಾದ ಪ್ಲಾಟ್‌ಫಾರ್ಮ್ ಹುಟ್ಟುವಾಗಲೇ ತನ್ನದೇ ಸರ್ಫೇಸ್ ಆಗಿರುತ್ತದೆ, ಹಾರಾಟವನ್ನು ಎಂಜಿನ್ ನೋಡಿಕೊಳ್ಳುತ್ತದೆ. ನಕಲು ಮಾಡುವ ಪ್ರಸಂಗವೇ ಬರುವುದಿಲ್ಲ. ಎಂಜಿನ್ ಎಲ್ಲಿ ಕಚ್ಚುತ್ತದೆ ಎಂದು ವರ್ಷಗಟ್ಟಲೆ ಹೊರಗಿನಿಂದ ಪಟ್ಟು ಹಿಡಿದು ಕಂಡುಕೊಂಡವರಿಗೆ ಆ ಬಾಗಿಲು ತೆರೆದುಕೊಡಿ. ಎಲ್ಲಿ ರಿಪೇರಿ ಬೇಕು ಎಂದು ಯಾರೂ ಅವರಿಗೆ ತೋರಿಸಬೇಕಾಗಿಲ್ಲ.

ವಿಸ್ತರಣೆಯ ಹೊಸ ಗ್ರಹಗಳಲ್ಲೊಂದಾದ ಗ್ಲೆಬಾದಲ್ಲಿ ಇದು ಇನ್ನೂ ಸ್ಪಷ್ಟ. ಇಲ್ಲಿ ಪದಾರ್ಥಗಳು ಕೆಡುತ್ತವೆ. ಯುಮಾಕೋ ಹಣ್ಣಿಗೆ ಆಯುಷ್ಯ ಒಂದು ಗಂಟೆ, ಅದನ್ನು ಅರೆದ ಮ್ಯಾಶ್‌ಗೆ ಮೂರೇ ನಿಮಿಷ, ನ್ಯೂಟ್ರಿಯೆಂಟ್‌ಗೆ ಐದು, ಪೆಂಟಾಪಾಡ್ ಎಂಬ ಜೀವಿಯ ಮೊಟ್ಟೆಗೆ ಹದಿನೈದು. ಮೊಟ್ಟೆ ಕೆಟ್ಟರೆ ಕೊಳೆಯುವುದಿಲ್ಲ, ಕಾರ್ಖಾನೆಯ ನಡುವೆಯೇ ಮರಿಯೊಡೆದು ದಾಳಿ ಮಾಡುತ್ತದೆ. ಬೆಲ್ಟಿನ ಮೇಲೆ, ಪೆಟ್ಟಿಗೆಯಲ್ಲಿ, ವಸ್ತು ಎತ್ತಿಡುವ ಇನ್ಸರ್ಟರ್ ಕೈಯಲ್ಲಿರುವ ಒಂದೊಂದು ವಸ್ತುವಿನ ವಯಸ್ಸನ್ನೂ ಲುವಾದಲ್ಲಿ ಲೆಕ್ಕ ಇಡುತ್ತ ಕೂತರೆ ಸೆಕೆಂಡಿಗೆ 60 ಟಿಕ್ (ಆಟದ ಲೆಕ್ಕದ ಹೆಜ್ಜೆ) ಓಡಬೇಕಾದ ಆಟ ನೆಲಕಚ್ಚುತ್ತದೆ. ಎಂಜಿನ್‌ನೊಳಗೆ ಅದು ವಸ್ತುವಿನ ಒಂದು ಗುಣ ಅಷ್ಟೆ: ಒಂದು ಗಂಟೆ ಎಂದರೆ 2,16,000 ಟಿಕ್, ಅಷ್ಟಾದ ಮೇಲೆ ಇಂಥದ್ದಾಗಿ ಬದಲಾಗು.

ಗ್ಲೆಬಾದಲ್ಲಿ ಎಡವುವವರೇ ಹೆಚ್ಚು, ಕಾರಣವೂ ಸಾಮಾನ್ಯವಾಗಿ ಒಂದೇ. ಅಲ್ಲಿನ ಮುಖ್ಯ ಯಂತ್ರವಾದ ಬಯೋಚೇಂಬರ್ ಓಡಲು ನ್ಯೂಟ್ರಿಯೆಂಟ್ ಬೇಕು, ನ್ಯೂಟ್ರಿಯೆಂಟ್ ತಯಾರಾಗುವುದು ಬಯೋಚೇಂಬರಿನಲ್ಲಿ. ಬೇರೆ ಗ್ರಹಕ್ಕೆ ಹೋಗಿ ಬರುವಷ್ಟರಲ್ಲಿ ಸರಪಳಿ ಒಂದು ಕಡೆ ನಿಂತರೆ ಇಡೀ ಕಾರ್ಖಾನೆ ಸತ್ತಿರುತ್ತದೆ. ಇದಕ್ಕೆ ಪರಿಹಾರವಾಗಿ, ಕೊಳೆತ ಪದಾರ್ಥದಿಂದ ನ್ಯೂಟ್ರಿಯೆಂಟ್ ಮಾಡುವ ಮಾಮೂಲಿ ಅಸೆಂಬ್ಲರ್ ಯಂತ್ರ ಒಂದನ್ನು ಮೂಲೆಯಲ್ಲಿಟ್ಟಿರಿ. 10 ಹಾಕಿದರೆ 1 ಬರುತ್ತದೆ, ತೀರಾ ಕಡಿಮೆ ನಿಜ, ಆದರೆ ಅದು ವಿದ್ಯುತ್ತಿನಲ್ಲಿ ಓಡುತ್ತದೆ, ನಿಂತ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡಿಕೊಡುತ್ತದೆ. ಸರಪಳಿ ಓಡತೊಡಗಿದ ಮೇಲೆ ಹಣ್ಣುಗಳಿಂದ ತಯಾರಾಗುವ ಬಯೋಫ್ಲಕ್ಸ್ 5ಕ್ಕೆ 40 ನ್ಯೂಟ್ರಿಯೆಂಟ್ ಸಿಗುತ್ತದೆ. ಪ್ರತಿ ಬೆಲ್ಟಿನ ತುದಿಯನ್ನೂ ಬಂದದ್ದನ್ನು ಉರಿಸುವ ಹೀಟಿಂಗ್ ಟವರಿಗೆ ಬಿಡಿ. ಹರಿಯದ ಬೆಲ್ಟ್ ಎಂದರೆ ಕೊಳೆಯುವ ಬೆಲ್ಟ್.

ಇನ್ನೊಂದು ಗ್ರಹ ಫುಲ್ಗೋರಾದ ಗೋಳು ಬೇರೆ. ಅಲ್ಲಿ ಸ್ಕ್ರ್ಯಾಪ್ ಒಡೆದರೆ ಗೇರ್ ಚಕ್ರ ಶೇ. 20ರಷ್ಟು ಬರುತ್ತದೆ, ಬೇಕಾದ ಹೋಲ್ಮಿಯಂ ಅದಿರು ಶೇ. 1 ಮಾತ್ರ. ಗೇರುಗಳು ಬೆಲ್ಟ್ ತುಂಬಿ ನಿಂತರೆ ಹೋಲ್ಮಿಯಂ ಕೂಡ ನಿಂತಿತು. ಹೆಚ್ಚಾದದ್ದನ್ನು ಮತ್ತೆ ಒಡೆಯುವ ಯಂತ್ರವಾದ ರಿಸೈಕ್ಲರ್‌ಗೆ ಸುತ್ತಿಸಬೇಕು. ಪ್ರತಿ ಸುತ್ತಿಗೂ ಕಾಲು ಭಾಗ ಮಾತ್ರ ಉಳಿಯುವುದರಿಂದ ಬೇಗ ಕರಗುತ್ತದೆ. ವಲ್ಕೇನಸ್ ಈ ಮೂರು ಗ್ರಹಗಳಲ್ಲಿ ಸಲೀಸು, ಮೊದಲು ಅಲ್ಲಿಗೇ ಹೋಗುವುದು ಜಾಣತನ. ಶೇ. 50 ಹೆಚ್ಚುವರಿ ಇಳುವರಿ ಕೊಡುವ ಫೌಂಡ್ರಿ ಅಲ್ಲಿ ಸಿಗುತ್ತದೆ.

ಇನ್ನು ಸ್ಟುಡಿಯೋ ಕಡೆಯಿಂದ ಸಂದದ್ದು. ಸ್ಪೇಸ್ ಎಕ್ಸ್‌ಪ್ಲೊರೇಶನ್ ಮುಗಿಸಲು ನೂರಾರು ಗಂಟೆ ಬೇಕು. ಒಬ್ಬರೇ ಕೂತು ಬರೆಯುವ ಮಾಡ್‌ಗೆ ಕತ್ತರಿ ಹಾಕುವವರು ಯಾರೂ ಇರುವುದಿಲ್ಲ, ಸೇರಿಸುತ್ತಲೇ ಹೋಗುತ್ತಾರೆ. ಸ್ಪೇಸ್ ಏಜ್‌ನಲ್ಲಿ ಕತ್ತರಿ ಆಡಿರುವುದು ಕಾಣುತ್ತದೆ. ಆಟ ಶುರುವಾಗುವ ನೌವಿಸ್ ಬಿಟ್ಟು ನಾಲ್ಕೇ ಗ್ರಹ, ಒಂದೊಂದಕ್ಕೂ ಸಂಶೋಧನೆಗೆ ಬೇಕಾದ ಒಂದೇ ಹೊಸ ಸೈನ್ಸ್ ಪ್ಯಾಕ್, ಮೊದಲ ಮೂರಕ್ಕೆ ಯಾವ ಕ್ರಮದಲ್ಲಾದರೂ ಹೋಗಬಹುದು. ರಾಕೆಟ್ ಕೂಡ 50 ಭಾಗಗಳಲ್ಲಿ ಮುಗಿಯುತ್ತದೆ, ಹಿಂದೆ 100 ಬೇಕಿತ್ತು. ಮಾಡರ್‌ನನ್ನು ಸೇರಿಸಿಕೊಂಡು ಅವರಿಗೆ ಎದುರು ಮಾತಾಡಬಲ್ಲ ಸಂಪಾದಕ ಬುದ್ಧಿಯನ್ನು ಜೊತೆಗಿಡದ ಸ್ಟುಡಿಯೋಗೆ ಸಿಗುವುದು ಇನ್ನೊಂದು ದೊಡ್ಡ ಮಾಡ್ ಅಷ್ಟೆ.

ಹಾಗಾದರೆ ಯಾರನ್ನು ತೆಗೆದುಕೊಳ್ಳಬೇಕು? ಡೌನ್‌ಲೋಡ್ ಸಂಖ್ಯೆ ನೋಡಿ ಅಲ್ಲ. ಮಾಡ್‌ನ ಜಿಪ್ ಫೈಲ್ ಬಿಚ್ಚಿ ನೋಡಿ. ಮೈಗ್ರೇಶನ್ಸ್ ಎಂಬ ಫೋಲ್ಡರ್ ಇದೆಯೇ? ಇದ್ದರೆ ಹೊಸ ಆವೃತ್ತಿ ಬಿಡುವಾಗ ಆಟಗಾರರ ಹಳೆಯ ಸೇವ್ ಒಡೆಯಬಾರದೆಂಬ ಕಾಳಜಿ ಇದೆ ಎಂದರ್ಥ. ಬದಲಾವಣೆಗಳ ಪಟ್ಟಿಯಾದ ಚೇಂಜ್‌ಲಾಗ್ ಬಿಡದೆ ಬರೆದಿದ್ದಾರೆಯೇ? ಫ್ಯಾಕ್ಟೋರಿಯೋ ಅದರಲ್ಲಿ ಪ್ರತಿ ಆವೃತ್ತಿಯ ಮೇಲೂ ಸರಿಯಾಗಿ 99 ಅಡ್ಡಗೆರೆ ಕೇಳುತ್ತದೆ, ಒಂದು ಕಡಿಮೆಯಾದರೂ ಓದುವುದಿಲ್ಲ. ಅದನ್ನು ವರ್ಷಗಟ್ಟಲೆ ಪಾಲಿಸಿದವರು ಬೇರೆಯವರ ಕೋಡ್‌ಬೇಸಿನ ಶಿಸ್ತಿಗೂ ಒಗ್ಗುತ್ತಾರೆ. ಪ್ರತಿ ಟಿಕ್‌ಗೂ ಓಡುವ ಫಂಕ್ಷನ್ನಿನಲ್ಲಿ ಎಷ್ಟು ಕೆಲಸ ತುರುಕಿದ್ದಾರೆ? ಮಲ್ಟಿಪ್ಲೇಯರ್‌ನಲ್ಲಿ ಡಿಸಿಂಕ್ ಆಯಿತೆಂಬ, ಅಂದರೆ ಆಟಗಾರರ ಆಟಗಳು ಒಂದಕ್ಕೊಂದು ತಾಳೆ ತಪ್ಪಿದವೆಂಬ ದೂರಿಗೆ ಹೇಗೆ ಉತ್ತರಿಸಿದ್ದಾರೆ? ಇಷ್ಟು ನೋಡಿದ ಮೇಲೆ ಎರಡು ಮೂರು ತಿಂಗಳ ಸಂಬಳದ ಗುತ್ತಿಗೆಯಿಂದ ಶುರು ಮಾಡುವುದು ಇಬ್ಬರಿಗೂ ಒಳ್ಳೆಯದು. ಪರೀಕ್ಷೆಯ ಹೆಸರಲ್ಲಿ ಬಿಟ್ಟಿ ಕೆಲಸ ಮಾಡಿಸಿಕೊಳ್ಳುವುದು ಮಾತ್ರ ಅನ್ಯಾಯ. ಅವರು ಈಗಾಗಲೇ ಸಾವಿರಾರು ಗಂಟೆ ಬಿಟ್ಟಿಯಾಗಿಯೇ ದುಡಿದಿದ್ದಾರೆ.

ಹೊರಗುಳಿದ ಮಾಡರ್‌ಗಳ ಮಟ್ಟಿಗೆ ಒಂದು ಕೊರತೆ ಇದೆ. ಕೊಳೆಯುವ ಪದಾರ್ಥ, ಕ್ವಾಲಿಟಿ (ವಸ್ತುಗಳ ಗುಣಮಟ್ಟದ ದರ್ಜೆ), ಬಾಹ್ಯಾಕಾಶ ಪ್ರಯಾಣ ಇವನ್ನು ತಮ್ಮ ಮಾಡ್‌ನಲ್ಲಿ ಬಳಸಬೇಕಾದರೆ ಮಾಡ್‌ನ ವಿವರವಿರುವ ಇನ್ಫೋ ಫೈಲ್‌ನಲ್ಲಿ ಅದನ್ನು ನಮೂದಿಸಬೇಕು, ಆಗ ವಿಸ್ತರಣೆ ಕೊಂಡವರು ಮಾತ್ರ ಆ ಮಾಡ್ ಆಡಬಹುದು. ಸ್ಟುಡಿಯೋ ಹೊಟ್ಟೆ ತುಂಬಬೇಕಲ್ಲ, ಅದು ನ್ಯಾಯವೇ. ಅದರ ಬದಲಿಗೆ ವೂಬೆ ಕೊಟ್ಟಿರುವುದು ಕಡಿಮೆಯದಲ್ಲ. ಸ್ಪೇಸ್ ಏಜ್ ಇಡಿಯಾಗಿ ಮೂರು ಮಾಡ್‌ಗಳ ರೂಪದಲ್ಲೇ ಬರುತ್ತದೆ: ಸ್ಪೇಸ್ ಏಜ್, ಕ್ವಾಲಿಟಿ, ಎಲಿವೇಟೆಡ್ ರೈಲ್ಸ್. ಮಾಡ್ ಪಟ್ಟಿಯಲ್ಲಿ ಮೊದಲೆರಡನ್ನು ಆಫ್ ಮಾಡಿ ಮೇಲ್ಸೇತುವೆ ರೈಲನ್ನಷ್ಟೇ ಇಟ್ಟುಕೊಂಡು ಆಡಬಹುದು. ಆಟ ಇನ್‌ಸ್ಟಾಲ್ ಆದ ಜಾಗದ ಡೇಟಾ ಫೋಲ್ಡರಿನಲ್ಲಿ ಮೂರರ ಲುವಾ ಫೈಲುಗಳೂ ತೆರೆದೇ ಇವೆ. ಮಾಡ್ ಬರೆಯಲು ಕಲಿಯುವವರು ಅಲ್ಲಿ ಯುಮಾಕೋ ಇರುವ ಐಟಂ ಫೈಲ್ ತೆರೆದು, ಕೆಡುವ ಅವಧಿಯ ಸಾಲನ್ನು ಕಂಡುಕೊಂಡು, ತಮ್ಮದೇ ಸಣ್ಣ ಮಾಡ್‌ನಲ್ಲಿ ಆ ಒಂದು ಗಂಟೆಯನ್ನು ಎರಡು ಮಾಡಿ ನೋಡಲಿ. ಮೂಲ ಫೈಲ್ ತಿದ್ದಬೇಡಿ, ಮುಂದಿನ ಅಪ್‌ಡೇಟ್ ಅದನ್ನು ಅಳಿಸಿಹಾಕುತ್ತದೆ.